ಅಂಟ ಹಚ್ಕೊಂಡು ಗುಂಡ ಎತ್ತಿದ್ರ ಅದು ಎತ್ತಿದಂಗೇನ್ರಿ? (ಪ್ರಶ್ನೆ ಮುತ್ಯಾಂದು, ನಂದಲ್ಲ)

ಹುನಗುಂದದಾಂವ

ಎಲ್ಲಾರಿಗೂ ನಮಸ್ಕಾರ. ನಮ್ಮ ಮುತ್ಯಾಗ ಈಗ 81. ಅವಗ ಫೋನಿನ್ಯಾಗ ಬರಿಯಾಕ ಬರೂದಿಲ್ಲ. ಹಿಂಗಾಗಿ ಅವನ ಪರವಾಗಿ ನಾ ಕೇಳಾಕತ್ತೀನಿ.

ಕಾರಹುಣ್ಣಿಮಿಗೆ ಊರಿಗೆ ಹೋಗಿದ್ದೆ. ಕರಿ ಹರಿಯೂದು ಮುಗದಿತ್ತು, ಜಿಟಿಜಿಟಿ ಮಳಿ, ಹೊಲಕ್ಕ ಹೋಗೂ ಹಂಗಿಲ್ಲ. ಕಟ್ಟಿ ಮ್ಯಾಲ ಕುಂತು ಮುತ್ಯಾಗ ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್ ಅನ್ನೂ ಭಾರ ಎತ್ತೂ ಟೀವಿ ಸ್ಪರ್ಧಾ ತೋರಿಸಿದೆ. 2021ರಾಗ ಅಮೆರಿಕಾದ ಸ್ಯಾಕ್ರಮೆಂಟೊದಾಗ ಆದ ಫೈನಲ್. ಮೊದಲಿನ ಆಟ ಎಲ್ಲಾ ಮುತ್ಯಾ ಸುಮ್ನ ನೋಡಿದ. ಕಡೀಕ ಅಟ್ಲಾಸ್ ಸ್ಟೋನ್ಸ್ ಬಂತು ನೋಡ್ರಿ, ಕನ್ನಡಕ ತರಿಸಿದ.

ಗೊತ್ತಿಲ್ಲದಾವರಿಗೆ ಹೇಳತೀನಿ: ಐದು ದುಂಡನ ಸಿಮೆಂಟ್ ಗುಂಡು ಸಾಲಾಗಿ ಇಟ್ಟಿರತಾರ, ಒಂದಕ್ಕಿಂತ ಒಂದು ಭಾರ. ಒಂದೊಂದನ್ನs ತೆಕ್ಕಿ ಬಡದು ಎತ್ತಿ ಎದುರಿನ ಕಟ್ಟಿ ಮ್ಯಾಲ ಕುಂದರಸಬೇಕು. ಆ ವರ್ಷ ಗೆದ್ದಾಂವ ಸ್ಕಾಟ್ಲೆಂಡಿನ ಟಾಮ್ ಸ್ಟೋಲ್ಟ್‌ಮನ್, 6 ಅಡಿ 8 ಇಂಚಿನ ಆಳು. ಉಳ್ಳಾಗಡ್ಡಿ ಚೀಲ ಟ್ರ್ಯಾಕ್ಟರಿಗೆ ಒಗದಂಗ ಒಗದ.

ಮುತ್ಯಾ ಫೋನ್ ಕಸಗೊಂಡು ಎರಡ ಸಲ ಹಿಂದಕ್ಕ ತಿರುವಿ ನೋಡಿದ. "ಅವನ ಮೊಳಕೈಗೆ ಏನೋ ಹಚ್ಚೈತಲ್ಲೋ?" ಅಂದ. ಅಂಟು ಮುತ್ಯಾ, ಎಲ್ಲಾರೂ ಹಚ್ಕೋತಾರ ಅಂದೆ. ಅಷ್ಟs ಸಾಕಾತು.

"ತಮ್ಮಾ, ಅಂವ ಕಲ್ಲ ಹಿಡದಿಲ್ಲ. ಕಲ್ಲs ಅವನ್ನ ಹಿಡಕೊಂಡೈತಿ."

ನಮ್ಮೂರ ಹನಮಪ್ಪನ ಗುಡಿ ಮುಂದ ಒಂದು ಗುಂಡಕಲ್ಲ ಐತಿ. ಜಾತ್ರಿಯೊಳಗ ಅದನ್ನ ತೆಕ್ಕಿ ಬಡದು, ಎದಿಗೆ ತಂದು, ಹೆಗಲ ಮ್ಯಾಲಿಂದ ಹಿಂದಕ್ಕ ಒಗೀಬೇಕು. ಒಗದಾವಗ ಬೆಳ್ಳಿ ಕಡಗ. ಮುತ್ಯಾ ಮೂರ ವರ್ಷ ಒಗದಾನ, ಕಡಗ ಈಗೂ ಅವ್ವನ ಟ್ರಂಕಿನ್ಯಾಗ ಅದಾವು. ಕಲ್ಲು ಎರಡ ಕ್ವಿಂಟಲ್ ಐತಿ ಅಂತ ಊರ ಮಂದಿ ಮಾತು. ಹಂಗಾದ್ರ ಮುತ್ಯಾ ಟೀವಿಯಾಗಿನ ಆ ಮಂದಿ ಸಮ ಆದಂಗಾತಲ್ಲ, ಅದೂ ಅಂಟಿಲ್ಲದ. ಮುತ್ಯಾನ ತೂಕ ಆವಾಗ ಎಷ್ಟಿತ್ತೋ ಗೊತ್ತಿಲ್ಲ, ಈಗಂತೂ 54 ಕೆಜಿ.

ಅಂಟು ಮೋಸ ಅಲ್ಲೇನು? ಮತ್ತ ದೊಡ್ಡ ಗುಂಡಿಗೆ ಗಿಡ್ಡ ಕಟ್ಟಿ, ಸಣ್ಣ ಗುಂಡಿಗೆ ಎತ್ತರ ಕಟ್ಟಿ ಇಟ್ಟಿರತಾರಲ್ಲ, ಅದು ಉಲ್ಟಾ ಆತಲ್ಲ ಅಂತನೂ ಮುತ್ಯಾ ಕೇಳಾಕತ್ತಾನ. ಗೊತ್ತಿದ್ದಾವರು ಸ್ವಲ್ಪ ಹೇಳ್ರಿ. ದಿನಾ ಸಂಜೀಕ "ಏನಂದ್ರಪಾ ನಿಮ್ಮ ಮಂದಿ?" ಅಂತ ಫೋನ್ ಬರತೈತಿ.

---

ಬೆಣ್ಣೆದೋಸೆ

ಗುರುವೇ, ಅದೆಲ್ಲಾ ಟೀವಿ ನಾಟಕ. ನಾವು ಚಿಕ್ಕವರಿದ್ದಾಗ ನೋಡ್ತಿದ್ದ ಕುಸ್ತಿ ಶೋ ತರ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ. ಒಳಗೆ ಥರ್ಮಾಕೋಲ್ ಇದ್ರೂ ಇರಬಹುದು. ಅಜ್ಜನಿಗೆ ಒಂದು ಸಲಾಂ ಹೇಳಿ ಸಾಕು.

---

ಪೀಣ್ಯ ಪೈಲ್ವಾನ

ಬೆಣ್ಣೆದೋಸೆ ಅವರೇ, ಶೋ ಶುರುವಾದ ವರ್ಷಾನೇ, ಅಂದ್ರೆ 1977ರಲ್ಲಿ, ಯೂನಿವರ್ಸಲ್ ಸ್ಟುಡಿಯೋದಲ್ಲಿ ಫ್ರಾಂಕೊ ಕೊಲುಂಬು ಬೆನ್ನಿಗೆ ಫ್ರಿಜ್ ಕಟ್ಟಿಕೊಂಡು ಓಡೋಕೆ ಹೋದ್ರು. ಹಿಂದಿನ ವರ್ಷ ಮಿಸ್ಟರ್ ಒಲಿಂಪಿಯಾ ಅನ್ನೋ ದೇಹದಾರ್ಢ್ಯ ಪಟ್ಟ ಗೆದ್ದಿದ್ದ ಮನುಷ್ಯ. ಮಂಡಿ ಕೀಲು ತಪ್ಪಿ ಅಲ್ಲೇ ಬಿದ್ದರು. ವೀಡಿಯೋ ಇದೆ, ಊಟಕ್ಕೆ ಮುಂಚೆ ನೋಡಬೇಡಿ. ಥರ್ಮಾಕೋಲ್ ಹೊತ್ತವರ ಕಾಲು ಹಾಗೆ ಮಡಚಲ್ಲ.

ಈಗ ಹುನಗುಂದದವರ ಪ್ರಶ್ನೆಗೆ ಬರ್ತೀನಿ. ನಾನು ವೃತ್ತಿಯಿಂದ ಲೇತ್ ಆಪರೇಟರ್. ಆರು ವರ್ಷದಿಂದ ನಾವು ನಾಲ್ಕು ಜನ ಒಂದು ಖಾಲಿ ಶೆಡ್ಡಲ್ಲಿ ಸ್ಟ್ರಾಂಗ್‌ಮ್ಯಾನ್ ಅಭ್ಯಾಸ ಮಾಡ್ತಿದೀವಿ. ಗುಂಡು ಎಲ್ಲೂ ಸಿಗಲಿಲ್ಲ, ನಾವೇ ಎರಕ ಹೊಯ್ದೆವು. ಎರಡು ಹೋಳಿನ ಅಚ್ಚು, ಸಣ್ಣ ಜಲ್ಲಿ, ಸಿಮೆಂಟು, 28 ದಿನ ಒದ್ದೆ ಗೋಣಿ ಸುತ್ತಿ ನೀರು ಹಾಕಿದ್ದು. ಮೊದಲನೇದು ಒಳಗೆ ಗಾಳಿಗುಳ್ಳೆ ಉಳಿದು ಮೂರನೇ ದಿನಕ್ಕೆ ಎರಡು ಹೋಳಾಯ್ತು. ಅದರಲ್ಲಿ ಒಂದು ಹೋಳಿನ ಮೇಲೆ ಈಗ ಶೆಡ್ಡಿನ ನಾಯಿ ಮಲಗುತ್ತೆ. ಎರಡನೇದು 96 ಕೆಜಿ, ಈಗಲೂ ಇದೆ.

ಅಂಟು ಮೋಸ ಅನ್ನೋದಾದ್ರೆ ಎಲ್ಲರೂ ಹಚ್ಚಿಕೊಳ್ಳೋ ಮೋಸ. ಅದನ್ನ ಟ್ಯಾಕಿ ಅಂತಾರೆ, ಮೂಲದಲ್ಲಿ ಪೈನ್ ಮರದ ರಾಳ. ಮುಂಗೈ, ಅಂಗೈ, ಬೆರಳಿಗೆಲ್ಲಾ ಮೆತ್ತಿಕೊಳ್ತಾರೆ. ಹೊರದೇಶದಿಂದ ತರಿಸಿದ್ರೆ ದುಬಾರಿ, ಅದಕ್ಕೆ ನಾನು ಗ್ರಂಥಿಗೆ ಅಂಗಡಿಯಿಂದ ರಾಳ ತಂದು ಹರಳೆಣ್ಣೆ ಜೊತೆ ಕಾಯಿಸಿದೆ. ಹಿಡಿತ ಬಂತು ನಿಜ. ಬಿಡೋದು ಹೇಗೆ ಅಂತ ಯಾರೂ ಯೋಚಿಸಿರಲಿಲ್ಲ. ಹಾಗೇ ಸ್ಕೂಟರ್ ಹತ್ತಿದೆ, ಸಿಗ್ನಲಲ್ಲಿ ಆಕ್ಸಿಲರೇಟರ್ ಬಿಡೋಕಾಗ್ತಿಲ್ಲ. ಮನೆಗೆ ಬಂದು ಅರ್ಧ ಬಾಟಲ್ ಕೊಬ್ಬರಿ ಎಣ್ಣೆ ತಿಕ್ಕಿದ ಮೇಲೆ ಬಿಟ್ಟಿದ್ದು, ಕೈ ಮೇಲಿನ ಕೂದಲ ಸಮೇತ. ಬಾಗಿಲ ಚಿಲಕ ಇವತ್ತಿಗೂ ಅಂಟಂಟು ಅಂತ ನನ್ನ ಹೆಂಡತಿ ಬೈತಾಳೆ.

ಆದ್ರೆ ಅಂಟು ಭಾರ ಎತ್ತಲ್ಲ, ಜಾರದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೇ. ಎತ್ತೋದು ಸೊಂಟ. ಗುಂಡಿನ ಎರಡೂ ಕಡೆ ಕಾಲಿಟ್ಟು ನಿಂತು, ಬೆನ್ನು ಬಗ್ಗಿಸಿ, ಕೈ ಪೂರ್ತಿ ಚಾಚಿ ಗುಂಡಿನ ಕೆಳಹೊಟ್ಟೆಗೆ ತೂರಿಸ್ತೀವಿ. ಜಿಮ್ಮಲ್ಲಿ ಬೆನ್ನು ನೆಟ್ಟಗಿರಲಿ ಅಂತ ಹೇಳಿಕೊಟ್ಟಿದ್ದನ್ನೆಲ್ಲಾ ಇಲ್ಲಿ ಮರೀಬೇಕು. ನೆಟ್ಟಗಿಟ್ರೆ ಕೈ ಕೆಳಗೆ ಹೋಗೋದೇ ಇಲ್ಲ. ನೆಲ ಬಿಡಿಸಿ ಮಂಡಿ ದಾಟಿಸಿದ ತಕ್ಷಣ ಕುಕ್ಕರಿಸಿ ಗುಂಡನ್ನ ತೊಡೆ ಮೇಲೆ ಕೂರಿಸಿಕೊಳ್ಳಬೇಕು, ಮಗು ಕೂರಿಸಿಕೊಂಡ ಹಾಗೆ. ಅಲ್ಲಿ ಅರ್ಧ ಉಸಿರು. ಕೈ ಮೇಲಕ್ಕೆ ಸರಿಸಿ ಎರಡನೇ ತೆಕ್ಕೆ. ಆಮೇಲೆ ಸೊಂಟ ಝಾಡಿಸಿ ಎದ್ದು, ಎದೆ ಮೇಲೆ ಉರುಳಿಸಿ ಕಟ್ಟೆಗೆ ಬಿಡೋದು. ಎಲ್ಲೂ ಮೊಣಕೈ ಮಡಚಿ ಎಳೀಬಾರದು. ಎಳೆದ್ರೆ ತೋಳಿನ ಮುಂದಿನ ಸ್ನಾಯು ಮೊಣಕೈ ಹತ್ತಿರ ಕಿತ್ತು ಬರುತ್ತೆ. ಗುಂಡು ಎತ್ತೋರು ಎಲ್ಲಕ್ಕಿಂತ ಹೆದರೋದು ಇದಕ್ಕೇ.

ಕಟ್ಟೆ ವಿಚಾರ. ಮುತ್ಯಾ ಅವರು ಸರಿಯಾಗೇ ಗಮನಿಸಿದಾರೆ, ಸಾಮಾನ್ಯವಾಗಿ ಮೊದಲನೇ ಹಗುರ ಗುಂಡಿಗೆ ಎತ್ತರದ ಕಟ್ಟೆ, ಕೊನೇದಕ್ಕೆ ತಗ್ಗಿನದು. ಲೆಕ್ಕ ಹಾಕಿ ನೋಡಿ. 100 ಕೆಜಿ ಕಾಂಕ್ರೀಟ್ ಗುಂಡು ಸುಮಾರು 43 ಸೆಂಟಿಮೀಟರ್ ಅಗಲ, 200 ಕೆಜಿದು 54. ನೋಡೋಕೆ 11 ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ, ಆದ್ರೆ ಸುತ್ತಳತೆ 135ರಿಂದ 170ಕ್ಕೆ ಹೋಗುತ್ತೆ. ತೆಕ್ಕೆ ಸಾಲಲ್ಲ, ಭಾರ ಎದೆಯಿಂದ ದೂರ ಹೋಗಿ ನಿಮ್ಮನ್ನೇ ಮುಂದಕ್ಕೆ ಎಳೆಯುತ್ತೆ. ಅದನ್ನ ಎದೆ ಎತ್ತರಕ್ಕೆ ಒಯ್ಯಿ ಅಂದ್ರೆ ಹತ್ತರಲ್ಲಿ ಎಂಟು ಜನರ ಕೈಲಿ ಆಗಲ್ಲ, ಆಗ ಸ್ಪರ್ಧೆ ಎಲ್ಲಿ ಉಳೀತು? ಸ್ಟೋಲ್ಟ್‌ಮನ್ ಗುಂಡಿನ ರಾಜ ಆಗಿದ್ದು ಬರೀ ಬಲದಿಂದ ಅಲ್ಲ, ಆ ಉದ್ದ ತೋಳಿಂದ. 2020ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ತನ್ನ ಜಿಮ್ಮಲ್ಲೇ 286 ಕೆಜಿ ಗುಂಡನ್ನ 4 ಅಡಿ ಎತ್ತರದ ಕಂಬಿ ದಾಟಿಸಿ ಒಗೆದ.

ಗುಂಡಿನ ಸ್ಪರ್ಧೆನ ಕೊನೇಗೆ ಇಡೋದು ಟೀವಿಗಾಗಿ, ಅದರಲ್ಲಿ ನಾಟಕ ಇದೆ ಅಂತ ಬೆಣ್ಣೆದೋಸೆ ಅವರಿಗೆ ಬೇಕಾದ್ರೆ ಒಪ್ಪಿಕೊಳ್ತೀನಿ. ಇಬ್ಬಿಬ್ಬರನ್ನ ಅಕ್ಕಪಕ್ಕ ಬಿಡ್ತಾರೆ, ಅಂಕಪಟ್ಟಿಯಲ್ಲಿ ಕೆಳಗಿರೋರು ಮೊದಲು, ಮೇಲಿನಿಬ್ಬರು ಕೊನೇಗೆ. ಯಾರು ಹೆಚ್ಚು ಗುಂಡು ಕೂರಿಸಿದರು ಅನ್ನೋದು ಮೊದಲು, ಸಮ ಆದ್ರೆ ಗಡಿಯಾರ. ನನ್ನ ಪ್ರಕಾರ ಇನ್ನೊಂದು ಕಾರಣಾನೂ ಇದೆ: ಗುಂಡು ಆದ ಮೇಲೆ ಬೇರೆ ಯಾವ ಸ್ಪರ್ಧೆಗೂ ಸೊಂಟ ಉಳಿದಿರಲ್ಲ, ಅಂಟು ಮೆತ್ತಿದ ಕೈಯಲ್ಲಿ ಬೇರೆ ಏನನ್ನೂ ಮುಟ್ಟೋ ಹಾಗಿಲ್ಲ.

ಒಂದು ಕೇಳಬೇಕಿತ್ತು. ಊರಿನ ಕಲ್ಲು ನುಣುಪೋ, ಒರಟೋ? ಒರಟಿದ್ರೆ ಆ ಕಲ್ಲೇ ಅರ್ಧ ಅಂಟು. ಮತ್ತೆ ಎರಡು ಕ್ವಿಂಟಲ್ ಅನ್ನೋದರ ಮೇಲೆ ನನಗೆ ಸ್ವಲ್ಪ ಅನುಮಾನ. ಬೇಜಾರು ಮಾಡ್ಕೋಬೇಡಿ.

---

ತುಂಗಾತೀರದವಳು

ನಾನು ಶಿವಮೊಗ್ಗದವಳು, ಒಂಬತ್ತು ವರ್ಷದಿಂದ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದೇನೆ. ಈ ಸಿಮೆಂಟ್ ಗುಂಡು ಟೀವಿಗೆ ಬಂದದ್ದು 1980ರ ದಶಕದಲ್ಲಿ, ಆಗ ಅದಕ್ಕೆ ಮೆಕ್‌ಗ್ಲಾಶನ್ ಕಲ್ಲು ಎನ್ನುತ್ತಿದ್ದರು. ಆದರೆ ಕಲ್ಲೆತ್ತುವ ಹುಚ್ಚು ಈ ಕಡೆಯವರಿಗೆ ಅದಕ್ಕಿಂತ ಎಷ್ಟೋ ಹಳೆಯದು. ಮುತ್ಯಾ ಅವರು ಇಲ್ಲಿಗೆ ಬಂದರೆ ಮಾತು ಬಾರದಿದ್ದರೂ ಜನ ಸಿಗುತ್ತಾರೆ.

ನಮ್ಮ ಮನೆಯಿಂದ ಡೀ ನದಿಯ ಪಕ್ಕದ ರಸ್ತೆಯಲ್ಲಿ ಹೋದರೆ ಪೊಟಾರ್ಚ್ ಎಂಬಲ್ಲಿ ಒಂದು ಹಳೇ ಸೇತುವೆ. ಅಲ್ಲಿ ಡಿನ್ನಿ ಕಲ್ಲುಗಳು ಅಂತ ಎರಡಿವೆ, ಒಂದು 188 ಕೆಜಿ, ಇನ್ನೊಂದು 144 ಚಿಲ್ಲರೆ. ಎರಡಕ್ಕೂ ಕಬ್ಬಿಣದ ಬಳೆ. 1860ರಲ್ಲಿ ಡೊನಾಲ್ಡ್ ಡಿನ್ನಿ ಎಂಬಾತ ಎರಡನ್ನೂ ಒಟ್ಟಿಗೆ ಎತ್ತಿ ಸೇತುವೆಯ ಅಗಲವನ್ನು ದಾಟಿದನಂತೆ. ಈಗಲೂ ಜಗತ್ತಿನ ಎಲ್ಲೆಲ್ಲಿಂದಲೋ ಬಂದು ಎತ್ತುತ್ತಾರೆ. ಮುತ್ಯಾ ಅವರಿಗೆ ಇಷ್ಟವಾಗುವ ವಿಷಯ ಏನೆಂದರೆ, ಬರಿಗೈಲಿ ಎತ್ತಿದವರ ಲೆಕ್ಕವೇ ಬೇರೆ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಎತ್ತಿದವರ ಲೆಕ್ಕವೇ ಬೇರೆ. ಎರಡನ್ನೂ ಬೆರೆಸುವುದಿಲ್ಲ. ಅಂದರೆ ಇದು ಇಲ್ಲಿಯವರಿಗೂ ಜಗಳದ ವಿಷಯವೇ.

ಇನ್ನೊಂದು ಐಸ್‌ಲ್ಯಾಂಡಿನದು. ಹೋದ ಬೇಸಿಗೆಯಲ್ಲಿ ಹೋಗಿದ್ದೆವು. ಡ್ಯೂಪಾಲೋನ್ಸಾಂದುರ್ ಎಂಬ ಕಪ್ಪು ಹರಳುಕಲ್ಲಿನ ಕಡಲತೀರದಲ್ಲಿ ನಾಲ್ಕು ಕಲ್ಲು ಬಿದ್ದಿವೆ: 154, 100, 54, 23 ಕೆಜಿ. ಹಿಂದೆ ದೋಣಿಗೆ ಆಳು ತೆಗೆದುಕೊಳ್ಳುವಾಗ ಇವುಗಳ ಮೇಲೆಯೇ ಪರೀಕ್ಷೆ. ಕನಿಷ್ಠ 54ರದ್ದನ್ನು ಸೊಂಟದೆತ್ತರದ ಬಂಡೆಗೆ ಏರಿಸದವನಿಗೆ ದೋಣಿಯಲ್ಲಿ ಜಾಗವಿಲ್ಲ. 154ರದ್ದಕ್ಕೆ ಪೂರ್ಣ ಬಲಶಾಲಿ ಎಂಬರ್ಥದ ಹೆಸರು. 23ರದ್ದಕ್ಕೆ ಕೈಲಾಗದವನು ಎಂಬರ್ಥದ ಹೆಸರು. ನಮ್ಮ ಮನೆಯವರು ಬಲು ಉತ್ಸಾಹದಿಂದ ಕೈಲಾಗದವನನ್ನು ಎತ್ತಿ ಫೋಟೋ ತೆಗೆಸಿಕೊಂಡರು. 54ಕ್ಕೆ ಕೈ ಹಾಕಿ, ಕಲ್ಲು ಒದ್ದೆಯಾಗಿದೆ, ಜಾರುತ್ತದೆ ಎಂದರು. ಒದ್ದೆಯಾಗಿತ್ತು, ನಿಜ. ಅಲ್ಲಿ ಯಾವಾಗಲೂ ಒದ್ದೆಯೇ ಇರುತ್ತದೆ.

ಅಂಟಿನ ವಿಷಯದಲ್ಲಿ ನಾನು ಮುತ್ಯಾ ಅವರ ಪಕ್ಷ. ಸಿಮೆಂಟಿನ ಗುಂಡನ್ನು ಬೇಕೆಂದೇ ನುಣ್ಣಗೆ ಮಾಡಿ, ಆಮೇಲೆ ನುಣುಪಿಗೆ ಮದ್ದು ಎಂದು ಅಂಟು ಹಚ್ಚುವುದು ಯಾವ ನ್ಯಾಯ?

---

ಹುನಗುಂದದಾಂವ

ತುಂಗಾತೀರದ ಅಕ್ಕಾರ, ನಿಮ್ಮ ಕಡೀ ಸಾಲು ಓದಿ ಹೇಳಿದ್ದಕ್ಕ ಮುತ್ಯಾ ಕೈ ಮುಗದಾನ. ಪೀಣ್ಯದ ಅಣ್ಣಾರಿಗೆ ಮುಗದಿಲ್ಲ. "ಅನುಮಾನ ಅಂತ ಬರದಾನೇನು?" ಅಂತ ಕೇಳಿದ, ಫೋನ್ ಇಟ್ಟ.

ಕಲ್ಲು ಇಳಕಲ್ಲ ಕಡೀದು, ಕೆಂಪು ಗ್ರಾನೈಟ್. ಒಂದ ಕಾಲಕ್ಕ ಉಳಿ ಪೆಟ್ಟಿನ ಗುರುತು ಇದ್ದುವಂತ, ಈಗ ಮಂದಿ ಎದಿ ತಿಕ್ಕಿ ತಿಕ್ಕಿ ಹೊಟ್ಟಿ ಕಡೆ ಸವದು ನುಣ್ಣಗಾಗೈತಿ. ತೂಕ ಹೆಂಗ ಹಿಡೀಬೇಕ್ರಿ? ಗುಡಿ ಅಂಗಳ ಬಿಟ್ಟು ಕಲ್ಲ ಹೊರಗ ಒಯ್ಯಾಕ ಪೂಜಾರಿ ಬಿಡೂದಿಲ್ಲ.

---

ಪೀಣ್ಯ ಪೈಲ್ವಾನ

ಅಯ್ಯೋ, ಕ್ಷಮೆ ಕೇಳಿದೆ ಅಂತ ಹೇಳಿ ಮುತ್ಯಾ ಅವರಿಗೆ.

ಕಲ್ಲು ಅಲುಗಾಡಿಸೋದೇ ಬೇಡ. ಟೈಲರ್ ಟೇಪ್ ತಗೊಂಡು ಮೂರು ಕಡೆಯಿಂದ ಸುತ್ತಳತೆ ಹಿಡೀರಿ, ಸರಾಸರಿ ತೆಗೀರಿ. ಅದನ್ನ 3.14ರಿಂದ ಭಾಗಿಸಿದ್ರೆ ಅಗಲ. ಅಗಲವನ್ನ ಮೂರು ಸಲ ಗುಣಿಸಿ (ಅಗಲ × ಅಗಲ × ಅಗಲ), ಅದರಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ, 0.52 ಇಟ್ಕೊಳ್ಳಿ. ಬಂದಿದ್ದು ಘನ ಸೆಂಟಿಮೀಟರ್. ಗ್ರಾನೈಟಿಗೆ 2.65ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ, ಕೆಜಿ ಬಂತು. ವಿಜಯಪುರದ ಕಡೆ ಕರಿಕಲ್ಲಾಗಿದ್ರೆ 2.9 ಹಾಕಬೇಕಿತ್ತು.

ಎರಡು ಕ್ವಿಂಟಲ್ ಗ್ರಾನೈಟ್ ಆಗಬೇಕಾದ್ರೆ ಸುತ್ತಳತೆ 165 ಸೆಂಟಿಮೀಟರ್ ಹತ್ತಿರ ಬರಬೇಕು, ಅಂದ್ರೆ 5 ಅಡಿ 5 ಇಂಚು. ಅಷ್ಟು ದಪ್ಪ ಇದೆಯಾ ನೋಡಿ.

---

ಬೆಣ್ಣೆದೋಸೆ

ಇದನ್ನ ಒಂಬತ್ತನೇ ಕ್ಲಾಸಲ್ಲಿ ಹೀಗೆ ಹೇಳಿಕೊಟ್ಟಿದ್ರೆ ನಾನು ಗಣಿತದಲ್ಲಿ ಪಾಸಾಗ್ತಿದ್ದೆ.

---

ಹುನಗುಂದದಾಂವ

ತಡಾ ಆತು, ಹೋದ ಐತಾರ ಮತ್ತ ಊರಿಗೆ ಹೋಗಿದ್ದೆ.

ಸಿಂಪಿಗೇರ ಕಾಕಾನ ಕಡೆ ಟೇಪ್ ಇಸಗೊಂಡು ಹೋದೆ. ಮುತ್ಯಾ ಕೋಲ ಹಿಡಕೊಂಡು ಬಂದು ಗುಡಿ ಕಟ್ಟಿ ಮ್ಯಾಲ ಕುಂತ. ಅವನ ಹಿಂದ ಊರಾಗಿನ ಅರ್ಧ ಮಂದಿ. ಅಡ್ಡ 132, ಉದ್ದ 128, ಇನ್ನೊಂದ ಕಡೆ 125. ಲೆಕ್ಕ ಹಾಕಿದೆ, 94 ಕೆಜಿ ಬಂತು. ಜೋರಾಗಿ ಹೇಳಾಕ ಬಾಯಿ ಬರಲಿಲ್ಲ. ಕಾಕಾನ ಮಗ ಫೋನಿನ್ಯಾಗ ಇಣುಕಿ ನೋಡಿ ಒದರೇ ಬಿಟ್ಟ.

ಗದ್ದಲ ಸುರು ಆತು. ಟೇಪ್ ಸರಿಯಿಲ್ಲ ಅಂದಾವರು ಒಂದಿಬ್ಬರು. ಮೊದಲ ಎರಡ ಕ್ವಿಂಟಲ್ಲs ಇತ್ತು, ಸವದೈತಿ ಅಂತ ಒಬ್ಬಾಂವ. ಗೊಬ್ಬರದ ಅಂಗಡ್ಯಾಂವ ತೂಕದ ಮಿಷಿನ್ನs ತಂದು ಅಂಗಳದಾಗ ಇಟ್ಟ. ಪೂಜಾರಿ ಕಲ್ಲಿಗೆ ಮೊದಲ ನೀರ ಹಾಕಿ, ಕುಂಕುಮ ಹಚ್ಚಿ, ಆಮ್ಯಾಲ ಹೂಂ ಅಂದ. ನಾಕ ಮಂದಿ ಹಲಗಿ ಹಾಕಿ ಉರುಳಿಸಿ ಏರಿಸಿದ್ರು. ತಳ ಸ್ವಲ್ಪ ಚಪ್ಪಟಿ ಐತಿ ನೋಡ್ರಿ, ಅದಕ್ಕ 91.

ಎಲ್ಲಾರೂ ಮುತ್ಯಾನ ಮಾರಿ ನೋಡಿದ್ರು. ನನಗ ಯಾಕರ ಈ ಕೆಲಸಕ್ಕ ಬಂದ್ನೆಪಾ ಅನ್ನಿಸ್ತು. ಮುತ್ಯಾ ಮಾತ್ರ ಆರಾಮ ಎಲಿ ಮಡಚಿ ಬಾಯಿಗೆ ಹಾಕ್ಕೊಂಡ.

"ಕ್ವಿಂಟಲ್ ಜ್ವಾಳದ ಚೀಲ ನಾ ದಿನಾ ಹೊತ್ತೀನಿ. ಚೀಲಕ್ಕ ಕಿವಿ ಇರತಾವು, ಹಿಡದು ಎತ್ತಬಹುದು. ಇದಕ್ಕ ಕಿವಿ ಎಲ್ಲ್ಯದಾವು, ತೋರಸು?"

ಯಾರೂ ಮಾತಾಡಲಿಲ್ಲ. "ನೀ ಎತ್ತು," ಅಂದ ನನಗ.

ನಾನು ಕಂಪ್ಯೂಟರ್ ಮುಂದ ಕುಂದ್ರಾಂವ, 72 ಕೆಜಿ. ಪೀಣ್ಯದ ಅಣ್ಣಾರು ಬರದಂಗ ಎರಡೂ ಕಡೆ ಕಾಲಿಟ್ಟು ಬಗ್ಗಿದೆ. ಕೈ ತೂರಿಸಿ ಜಗ್ಗಿದ್ರ ಬೆವರಿಗೆ ಸರ್ ಅಂತ ಜಾರಿತು. ಎರಡನೇ ಸಲಾನೂ ಹಂಗs. ಮುತ್ಯಾ ಕಟ್ಟಿ ಇಳದು ಬಂದ. ಬಗ್ಗಿ ಅಂಗಳದಾಗಿಂದ ಒಂದ ಬೊಗಸಿ ಒಣಾ ಮಣ್ಣ ತಗೊಂಡು ನನ್ನ ಎರಡೂ ಮೊಳಕೈಗೆ, ಎದಿಗೆ ಗಸಗಸ ತಿಕ್ಕಿದ. ಅವನ ಕೈ ಇನ್ನೂ ಒರಳಕಲ್ಲ ಇದ್ದಂಗ ಅದಾವ್ರಿ.

ನಾ ಅಂದೆ, ಮುತ್ಯಾ, ಇದು ನಡೀತೈತೇನು? ಅಂಟ ಹಚ್ಕೊಂಡಾಂವ ಕಳ್ಳ ಅಂದಿದ್ದಿ.

"ಮಣ್ಣ ಹನಮಪ್ಪಂದು. ಅಂಟ ಅಂಗಡೀದು. ಬಗ್ಗು."

ಮೂರನೇ ಸಲಕ್ಕ ಮೊಳಕಾಲ ತನಕಾ ಬಂತು. ತೊಡಿ ಮ್ಯಾಲ ಕುಂದರಸೂದರಾಗ ಕೈ ಬಿಟ್ಟೆ. ಬಿದ್ದಿದ್ದು ನನ್ನ ಹೆಬ್ಬಟ್ಟಿನಿಂದ ನಾಕ ಬಟ್ಟ ದೂರ. ಎರಡ ದಿನ ಬೆನ್ನ ನೆಟ್ಟಗಾಗಲಿಲ್ಲ, ಬಸ್ಸಿನ್ಯಾಗ ನಿಂತs ಬಂದೆ.

ಜಾತ್ರಿಗೆ ಇನ್ನೂ ಏಳ ತಿಂಗಳ ಐತಿ. ಪೀಣ್ಯದ ಅಣ್ಣಾರ, ಆ ರಾಳಕ್ಕ ಹರಳೆಣ್ಣಿ ಅಳತಿ ಎಷ್ಟು ಹಾಕೀರಿ? ಇಲ್ಲೆ ಬರೀಬ್ಯಾಡ್ರಿ, ಬ್ಯಾರೆ ಮೆಸೇಜ್ ಮಾಡ್ರಿ. ಇಲ್ಲೀದು ಎಲ್ಲಾ ಮುತ್ಯಾಗ ಓದಿ ಹೇಳಬೇಕಾಗತೈತಿ.